ತಿರುಗಬೇಡಿ ಅಮ್ಮಾ

ಗೌರಕ್ಕನಿಗೆ ಅರವತ್ತು ದಾಟಿತ್ತು. ಆದರೆ ಆ ಸುದ್ದಿಯನ್ನು ಆಕೆಗೆ ಮುಟ್ಟಿಸುವ ಧೈರ್ಯ ತಿರ್ಲಾಪುರದಲ್ಲಿ ಯಾರಿಗೂ ಇರಲಿಲ್ಲ. ಬಸ್ಸಿನಲ್ಲಿ ಯಾರಾದರೂ ‘ಮುದುಕಿಗೆ ಜಾಗ ಬಿಡ್ರಿ’ ಎಂದರೆ ಆಕೆ ಹಿಂದಕ್ಕೆ ತಿರುಗಿ ಆ ಮುದುಕಿ ಯಾರೆಂದು ಹುಡುಕುತ್ತಿದ್ದಳು. ಸಿಗದಿದ್ದರೆ ನವಲಗುಂದದವರೆಗೂ ನಿಂತೇ ಹೋಗುತ್ತಿದ್ದಳು. ಇಳಿದ ಮೇಲೆ ಮೊಣಕಾಲು ಎಷ್ಟು ಬೈದರೂ ಅದು ಆಕೆಗೂ ಮೊಣಕಾಲಿಗೂ ಸಂಬಂಧಪಟ್ಟ ಮಾತು, ಊರಿನವರಿಗೆ ಯಾಕೆ?

ಇಂಥ ಗೌರಕ್ಕ ಒಂದು ದಿನ ಚಾವಡಿಯ ಮುಂದೆ, ಹತ್ತಾರು ಜನರೆದುರಿಗೆ, ಕೈ ಎತ್ತಿ ‘ನಾ ಇದೇನಲ್ರಿ, ಅಗದಿ ಮುದುಕಿ’ ಎಂದು ಒಪ್ಪಿಕೊಂಡಳು. ಅದಕ್ಕೆ ಸಿನೆಮಾದವರೇ ಕಾರಣ.

ಅದು ಎಂಬತ್ತಾರನೆಯ ಇಸವಿ, ಹತ್ತಿ ಬಿಡಿಸುವ ಕಾಲ. ಬೆಂಗಳೂರಿನಿಂದ ಎರಡು ವ್ಯಾನು ತುಂಬ ಜನ ಬಂದು ಊರಾಚೆ ಎರೆಹೊಲದಲ್ಲಿ ಕ್ಯಾಮೆರಾ ಇಟ್ಟಿದ್ದರು. ಹತ್ತಿ ಹೊಲವೆಂದರೆ ಏನೋ ಮಲ್ಲಿಗೆ ತೋಟ ಎಂಬಂತೆ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವರ ಪೈಕಿ ಕನ್ನಡಕದ ಅಸಿಸ್ಟೆಂಟನೊಬ್ಬ ಚಾವಡಿಗೆ ಬಂದು ಚೇರಮನ್ ಗುಡದಪ್ಪನ ಎದುರು ನಿಂತು ಹೇಳಿದ:

“ನಮ್ಮ ಪಿಕ್ಚರಿನ ಅಮ್ಮನ ಪಾತ್ರಕ್ಕೆ ನಿಮ್ಮೂರಿನ ಒಬ್ಬ ಹೆಂಗಸು ಬೇಕು ಸಾರ್. ತಲೆ ಮೇಲೆ ಬುಟ್ಟಿ ಹೊತ್ತು ನಡೆದರೆ ಸಾಕು. ಸೋಮವಾರ ಬೆಳಗ್ಗೆ ಕಳಿಸಿಕೊಡಿ.”

ಎಲ್ಲ ಯಡವಟ್ಟಿನ ಮೂಲ ಈ ಒಂದು ಮಾತು. ಬೆಂಗಳೂರಿನವನಿಗೆ ಅಮ್ಮ ಎಂದರೆ ತಾಯಿ. ತಿರ್ಲಾಪುರದಲ್ಲಿ ತಾಯಿಗೆ ಅವ್ವ ಎನ್ನುತ್ತಾರೆ, ಅಮ್ಮ ಎಂದರೆ ಅಜ್ಜಿ. ಅವನು ಕೇಳಿದ್ದು ಒಂದು, ಊರು ಕೇಳಿಸಿಕೊಂಡದ್ದು ಇನ್ನೊಂದು. ಯಾರಿಗೂ ಅನುಮಾನ ಬರಲಿಲ್ಲ, ಯಾಕೆಂದರೆ ಎರಡೂ ಕಡೆಯವರು ಮಾತಾಡಿದ್ದು ಕನ್ನಡವನ್ನೇ.

“ಅಮ್ಮನ ಪಾರ್ಟ ಯಾರ ಮಾಡ್ತೀರಿ?” ಎಂದು ಗುಡದಪ್ಪ ಹೆಂಗಸರ ಕಡೆ ನೋಡಿದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊಮ್ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡವರೂ ತಾವು ಆ ವಯಸ್ಸಿನವರಲ್ಲ ಎಂಬಂತೆ ಆಕಾಶ ನೋಡಿದರು. ಗೌರಕ್ಕ ಮಾತ್ರ ಕೈ ಎತ್ತಿದಳು.

“ಅಲ್ಲಬೇ, ನಿನ್ನೆ ನಾ ಮುದುಕಿ ಅಂದಿದ್ದಕ್ಕ ಜಗಳಾ ತಗದಿದ್ದೆಲ್ಲ?” ಎಂದಳು ಬಾಜೂ ಮನೆಯ ರೇವವ್ವ. ಆಕೆಗೆ ಎಂಬತ್ತಾಗಿತ್ತು, ಕಿವಿ ಮಂದವಾಗಿತ್ತು, ನಾಲಿಗೆ ಮಾತ್ರ ಮಂದವಾಗಿರಲಿಲ್ಲ.

“ನಿನ್ನೆ ನಿನ್ನೆ ಆತು. ಇವತ್ತ ಆಗೇನಿ,” ಎಂದಳು ಗೌರಕ್ಕ.

ಒಳಗಿನ ಮಾತು ಬೇರೆಯೇ ಇತ್ತು. ಗೌರಕ್ಕನ ಗಂಡ ಶಂಭುಲಿಂಗಪ್ಪ ಒಳ್ಳೆಯವನು. ಕುಡಿಯುವುದಿಲ್ಲ, ಬಡಿಯುವುದಿಲ್ಲ, ದಿನಾ ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮಾಡಿಯೇ ರೊಟ್ಟಿ ಮುಟ್ಟುವವನು. ಆದರೆ ಹೆಂಡತಿಯ ಮುಖವನ್ನು ನೆಟ್ಟಗೆ ನೋಡಿ ಎಷ್ಟು ವರ್ಷವಾಯಿತೋ ಅವನಿಗೇ ನೆನಪಿರಲಿಕ್ಕಿಲ್ಲ. ಉಣ್ಣುವ ಗಂಗಾಳ ನೋಡುತ್ತಾನೆ, ರೊಟ್ಟಿ ನೋಡುತ್ತಾನೆ, ರೊಟ್ಟಿ ಹಾಕುವ ಕೈಯನ್ನೂ ಒಂದೊಂದು ಸಲ ನೋಡುತ್ತಾನೆ. ಅಲ್ಲಿಂದ ಮೇಲಕ್ಕೆ ಅವನ ಕಣ್ಣು ಹತ್ತುವುದಿಲ್ಲ. ಹೊಲಕ್ಕೆ ಹೋಗುವಾಗ ಅವನು ಮುಂದೆ, ಬುತ್ತಿಬುಟ್ಟಿ ಹೊತ್ತ ಗೌರಕ್ಕ ಹಿಂದೆ, ಆಕೆಯ ಹಿಂದೆ ಸೊಸೆ ಸಾವಂತ್ರೆವ್ವ. ಆ ಸೀಮೆಯಲ್ಲಿ ಎಲ್ಲರೂ ಹಾಗೆಯೇ ನಡೆಯುವುದು. ಮದುವೆಯಾದ ಲಾಗಾಯ್ತು ಗೌರಕ್ಕ ಗಂಡನ ಬೆನ್ನು ನೋಡುತ್ತ ನಡೆದಿದ್ದಳು. ಆ ಬೆನ್ನು ಒಂದು ಸಲವೂ ತಿರುಗಿರಲಿಲ್ಲ.

ಸಿನೆಮಾದಲ್ಲಾದರೆ ಮುಖ ಬಾಗಿಲಿನಷ್ಟು ದೊಡ್ಡದಾಗಿ ಕಾಣಿಸುತ್ತದೆ ಎಂದು ಆಕೆಗೆ ಗೊತ್ತಿತ್ತು. ಕತ್ತಲೆಯಲ್ಲಿ ಕೂರಿಸಿರುತ್ತಾರೆ, ಬೇರೆ ಕಡೆ ನೋಡಲು ಏನೂ ಇರುವುದಿಲ್ಲ. ಶಂಭುಲಿಂಗಪ್ಪ ಒಮ್ಮೆ ನೋಡಲೇಬೇಕಾಗುತ್ತದೆ. ಇಷ್ಟೇ ಆಕೆಯ ಆಸೆ. ಅರವತ್ತು ದಾಟಿದವಳಿಗೆ ಇದೆಂಥ ಆಸೆ ಎಂದು ಆಕೆಯೇ ತನ್ನನ್ನು ಬೈದುಕೊಂಡಳು. ಬೈದುಕೊಂಡೇ ಕೈ ಎತ್ತಿದ್ದಳು.

ಅಂದು ಊಟಕ್ಕೆ ಕೂತಾಗ ಸುದ್ದಿ ಹೇಳಿದಳು. “ನಾ ಸಿನೆಮಾದಾಗ ಬರಾಕತ್ತೀನ್ರಿ. ನೋಡಾಕ ಬರ್ತೀರಿಲ್ಲೋ?”

ಶಂಭುಲಿಂಗಪ್ಪ ಪಲ್ಯಕ್ಕೆ ರೊಟ್ಟಿ ಹಚ್ಚುತ್ತ, ತಲೆ ಎತ್ತದೆ ಅಂದ: “ನಿನ್ನ ನೋಡಾಕ ನಾ ಟಿಕೇಟ ತಗೋಬೇಕ? ಮನ್ಯಾಗ ಪುಕ್ಕಟ ಕಾಣತೀದಿ.”

“ಪುಕ್ಕಟ ಕಾಣತೀನಿ ಅಂತನ ನೀವು ನೋಡವಲ್ರಿ,” ಎಂದಳು ಗೌರಕ್ಕ. ಅವನಿಗೆ ಕೇಳಿಸಲಿಲ್ಲ, ಅಥವಾ ರೊಟ್ಟಿ ಅಗಿಯುವ ಸದ್ದಿನಲ್ಲಿ ಹೋಯಿತು.

ಇನ್ನು ತಯಾರಿ. ಅಜ್ಜಿಯ ಪಾತ್ರ ಎಂದ ಮೇಲೆ ಅಜ್ಜಿಯ ಹಾಗೆ ಕಾಣಬೇಕಲ್ಲ! ಗೌರಕ್ಕ ನವಲಗುಂದದ ಟಾಕೀಸಿನಲ್ಲಿ ಅಷ್ಟಿಷ್ಟು ಸಿನೆಮಾ ನೋಡಿದ್ದಳು. ಅಲ್ಲಿಯ ಮುದುಕಿಯರನ್ನು ನೆನಪಿಗೆ ತಂದುಕೊಂಡಳು. ಅವರೆಲ್ಲ ಬಿಳಿ ಸೀರೆ ಉಟ್ಟು, ಸೊಂಟ ಬಗ್ಗಿಸಿ, ಕೋಲು ಊರಿಕೊಂಡು ಬರುತ್ತಿದ್ದರು. ಮಗನಿಗೆ ಕೆಲಸ ಸಿಕ್ಕಿತೆಂದರೂ ಅಳುತ್ತಿದ್ದರು, ಹೋಯಿತೆಂದರೂ ಅಳುತ್ತಿದ್ದರು. ಮಾತಿಗೊಮ್ಮೆ ಕೆಮ್ಮುತ್ತಿದ್ದರು. ಒಮ್ಮೆ ಕೆಮ್ಮು ಶುರುವಾಯಿತೆಂದರೆ ಇಂಟರ್‌ವಲ್ಲಿನೊಳಗೆ ಸತ್ತೇ ಹೋಗುತ್ತಿದ್ದರು. ಯಾರೂ ರೊಟ್ಟಿ ಬಡಿಯುತ್ತಿರಲಿಲ್ಲ, ಹತ್ತಿ ಬಿಡಿಸುತ್ತಿರಲಿಲ್ಲ, ಸೊಸೆಯ ಕೂಡ ಒಂದು ಒಳ್ಳೆಯ ಜಗಳ ತೆಗೆಯುತ್ತಿರಲಿಲ್ಲ. ಅವರು ಮುದುಕಿಯರಾಗುವುದನ್ನು ಎಲ್ಲಿ ಕಲಿತರೋ!

ಗೌರಕ್ಕನಿಗೆ ಬಗ್ಗಿ ನಡೆದು ರೂಢಿಯಿಲ್ಲ. ತಲೆಯ ಮೇಲೆ ಹೊರೆ ಹೊತ್ತು ಹೊತ್ತು ಆಕೆಯ ಬೆನ್ನು ಒನಕೆಯ ಹಾಗೆ ನೆಟ್ಟಗಾಗಿತ್ತು. ಆದ್ದರಿಂದ ಮುದುಕಿಯಾಗುವುದನ್ನು ಕಲಿಯಲು ಆಕೆ ರೇವವ್ವನ ಮನೆಗೆ ಹೋಗಿ ಎದುರು ಕೂತಳು. ರೇವವ್ವ ಏಳುವುದನ್ನು ನೋಡಿದಳು, ಕೂಡುವಾಗ ‘ಶಿವಶಿವಾ’ ಅನ್ನುವುದನ್ನು ಕೇಳಿಸಿಕೊಂಡಳು, ಕೆಮ್ಮಿದಾಗಲೆಲ್ಲ ತಾನೂ ಮೆಲ್ಲಗೆ ಕೆಮ್ಮಿ ನೋಡಿದಳು.

“ಏನಬೇ ಗೌರಾ, ನನ್ನ ಅಣಗಿಸಾಕತ್ತೀಯೇನ?”

“ಇಲ್ಲಬೇ ಎವ್ವಾ, ಕಲಿಯಾಕತ್ತೀನಿ. ನಿನ್ನ ಬಡಿಗಿ ಎರಡ ದಿನದ ಮಟ್ಟಿಗೆ ಕೊಡು.”

“ಬಡಿಗಿ ಕೊಟ್ಟರ ನಾ ಹೆಂಗ ಏಳ್ಲಿ?”

“ಏಳಬ್ಯಾಡ. ಎರಡ ದಿನ ಕುಂತಿರು,” ಎಂದು ಗೌರಕ್ಕ ಬಡಿಗೆಯನ್ನು ಎತ್ತಿಕೊಂಡೇ ಬಂದಳು.

ಮನೆಯ ಹಿತ್ತಲಲ್ಲಿ ಅಭ್ಯಾಸ ಶುರುವಾಯಿತು. ಬಗ್ಗಿದರೆ ಕೆಮ್ಮು ಮರೆಯುತ್ತಿತ್ತು, ಕೆಮ್ಮಿದರೆ ಬಡಿಗೆ ಮರೆಯುತ್ತಿತ್ತು, ಮೂರೂ ಕೂಡಿ ಬಂದಾಗ ಎಮ್ಮೆ ಬೆದರಿ ಗೂಟ ಕಿತ್ತಿತು. ಸಾವಂತ್ರೆವ್ವ ಅತ್ತೆಗೆ ಏನೋ ಆಯಿತೆಂದು ಹೆದರಿ ಶುಂಠಿ ಕಷಾಯ ಕಾಸಿಕೊಂಡು ಬಂದಳು.

“ಅತ್ತಿ, ಎದಿ ಹಿಡದೈತೇನ್ರಿ?”

“ಎದಿ ಹಿಡದಿಲ್ಲ, ಪಾರ್ಟ ಹಿಡದೈತಿ. ಕಷಾಯ ಇಲ್ಲಿಟ್ಟ ಹೋಗು,” ಎಂದಳು ಗೌರಕ್ಕ. ಎಷ್ಟೋ ಹೊತ್ತು ಸುಳ್ಳೇ ಕೆಮ್ಮಿ ಗಂಟಲು ನಿಜವಾಗಿಯೂ ಕೆರೆಯುತ್ತಿತ್ತು. ಕಷಾಯ ಕುಡಿದೇ ಬಿಟ್ಟಳು.

ಸೋಮವಾರ ಬೆಳಿಗ್ಗೆ ಶಂಭುಲಿಂಗಪ್ಪ ಅಣ್ಣಿಗೇರಿಗೆ ಹೋದ. ಊರಿನ ಹೆಚ್ಚಿನವರ ಹಾಗೆ ಸೊಸೆಯೂ ಹತ್ತಿ ಬಿಡಿಸಲು ಹೊಲಕ್ಕೆ ಹೋದಳು. ಗೌರಕ್ಕ ಇದ್ದುದರಲ್ಲೇ ಮಾಸಿದ ಸೀರೆ ಉಟ್ಟು, ಬೂದಿ ತಿಕ್ಕಿ ಇನ್ನೂ ಬೆಳ್ಳಗೆ ಮಾಡಿದ ತಲೆಯ ಮೇಲೆ ಸೆರಗು ಹೊದ್ದು, ಬಡಿಗೆ ಊರುತ್ತ, ಊರ ಅಗಸಿ ಬಾಗಿಲಿನಿಂದಲೇ ಕೆಮ್ಮುತ್ತ ಗುಡದಪ್ಪನ ಹಿಂದೆ ಸಿನೆಮಾದವರ ಹತ್ತಿರ ಹೋಗಿ ನಿಂತಳು.

ಡೈರೆಕ್ಟರು ಆಕೆಯನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಕನ್ನಡಕದ ಅಸಿಸ್ಟೆಂಟನನ್ನು ನೋಡಿದ.

“ಏನ್ರೀ ಇದು? ಅಮ್ಮನ ಹರೆಯದ ಕಾಲದ ಸೀನಿಗೆ ಡೂಪ್ ತನ್ನಿ ಅಂದ್ರೆ ಮುದುಕಿನ ತಂದಿದ್ದೀರಲ್ರೀ!”

“ಸಾರ್, ನಾನು ಅಮ್ಮ ಅಂತಲೇ ಹೇಳಿದ್ದೆ...”

“ಅಮ್ಮನ್ನ ತಂದೀವಲ್ರಿ,” ಎಂದ ಗುಡದಪ್ಪ ಹೆಮ್ಮೆಯಿಂದ. “ಮೊಮ್ಮಕ್ಕಳು ಅದಾವ್ರಿ ಇಕಿಗೆ. ಖಾತ್ರಿ ಅಮ್ಮ.”

ಅಲ್ಲಿಗೆ ಗೊಂದಲ ಬಿಚ್ಚಿಕೊಂಡಿತು. ಸಿನೆಮಾದ ಕತೆಯಲ್ಲಿ ಹೀರೋನ ತಾಯಿಯೊಬ್ಬಳಿದ್ದಳು. ಆಕೆ ವಯಸ್ಸಿನಲ್ಲಿದ್ದಾಗ ತಲೆಯ ಮೇಲೆ ಬುತ್ತಿಬುಟ್ಟಿ, ಅದರ ಮೇಲೆ ಮಜ್ಜಿಗೆ ಗಡಿಗೆ ಹೊತ್ತು ಹೊಲಕ್ಕೆ ನಡೆಯುವುದನ್ನು ಹಾಡಿನಲ್ಲಿ ತೋರಿಸಬೇಕು. ಆ ಪಾತ್ರ ಮಾಡುವ ನಟಿ ಅಲ್ಲೇ ಕುರ್ಚಿಯಲ್ಲಿ ಕೂತಿದ್ದಳು. ಮೂವತ್ತರ ಹೆಣ್ಣುಮಗಳು, ಕೂದಲಿಗೆ ಬಿಳಿ ಪೌಡರ್ ಬಳಿದಿದ್ದರು, ಬೆಳಿಗ್ಗೆ ಮುದುಕಿಯ ಸೀನು ಮುಗಿದಿತ್ತು. ಆಚೆ ಬೇವಿನ ಗಿಡದ ನೆರಳಲ್ಲಿ ಆಕೆಯ ಮಗ, ಅಂದರೆ ಹೀರೋ, ಕಾಲೇಜಿಗೆ ಹೋಗುವ ಹುಡುಗನ ವೇಷದಲ್ಲಿ ಕೂತು ಸೊಂಟಕ್ಕೆ ಅಮೃತಾಂಜನ ತಿಕ್ಕಿಸಿಕೊಳ್ಳುತ್ತಿದ್ದ. ನಟಿಗೆ ಬುಟ್ಟಿ ಹೊತ್ತು ಗೊತ್ತಿಲ್ಲ. ಅದಕ್ಕೇ ಹಿಂದಿನಿಂದ ತೋರಿಸಲು ಊರಿನ ಎಳೆಯ ಹೆಣ್ಣುಮಗಳೊಬ್ಬಳು ಬೇಕಾಗಿದ್ದಳು.

ಗುಡದಪ್ಪನನ್ನು ಮತ್ತೆ ಊರೊಳಗೆ ಓಡಿಸಿದರು. ಹೋಗುವಾಗ ಅವನು ಹೇಳಿಯೇ ಹೋದ: “ಯಾರ ಕೊಡ್ತಾರ್ರಿ ಹರೇದ ಹುಡಿಗ್ಯಾರನ್ನ? ಲಗ್ನ ಆಗಬೇಕಾದಾಕಿ ಕ್ಯಾಮೆರಾದ ಮುಂದ ನಿಂತರ ಗಂಡ ಸಿಗೂದಿಲ್ಲ, ಲಗ್ನ ಆದಾಕಿ ನಿಂತರ ಗಂಡ ಸುಮ್ಮನಿರೂದಿಲ್ಲ. ಮುದುಕ್ಯಾರಿಗೆ ಆದ್ರ ಯಾರೂ ಏನೂ ಅನ್ನೂದಿಲ್ಲ.”

ಅವನು ಬರುವುದರೊಳಗೆ ಒಂದು ಕೈ ನೋಡೋಣವೆಂದು ಪೌಡರ್ ಝಾಡಿಸಿ ನಟಿಯ ತಲೆಯ ಮೇಲೆಯೇ ಬುಟ್ಟಿ ಇಟ್ಟರು. ಒಂದು ಹೆಜ್ಜೆ ಇಟ್ಟಳೋ ಇಲ್ಲವೋ, ಬುಟ್ಟಿ ಬಿತ್ತು, ಗಡಿಗೆ ಉರುಳಿತು. ಜೋಳದ ರೊಟ್ಟಿಗಳು ಎರೆಮಣ್ಣಿನ ಮೇಲೆ ಹರವಿಕೊಂಡವು. ಯಾರೂ ಎತ್ತಲಿಲ್ಲ. ಒಬ್ಬ ಲೈಟಿನವನು ರೊಟ್ಟಿಯ ಮೇಲೆ ಕಾಲಿಟ್ಟುಕೊಂಡೇ ಹೋದ. “ಮೊದಲು ಆ ಮುದುಕಿನ ಕಳಿಸ್ರೀ, ಅಡ್ಡ ನಿಂತಿದೆ,” ಎಂದ ಡೈರೆಕ್ಟರು.

ಗೌರಕ್ಕನಿಗೆ ಸಿಟ್ಟು ಬಂತು. ತನ್ನನ್ನು ಅಂದದ್ದಕ್ಕೋ, ರೊಟ್ಟಿ ತುಳಿದದ್ದಕ್ಕೋ, ಎರಡು ದಿನ ಕೆಮ್ಮಿದ್ದು ವ್ಯರ್ಥವಾದದ್ದಕ್ಕೋ, ಎಲ್ಲ ಕೂಡಿ ಬಂತು. ಊರೆಲ್ಲ ಡಂಗುರ ಸಾರಿಕೊಂಡು ಬಂದಿದ್ದಳು, ಈಗ ಯಾವ ಮುಖ ಇಟ್ಟುಕೊಂಡು ಹಿಂದಿರುಗುವುದು? ‘ಮುದುಕಿ ಅಲ್ಲ ಅಂತ ಜೀವಮಾನ ಜಗಳ ಮಾಡಿದಿ. ಆಗ್ತೀನಿ ಅಂತ ಬಂದ ದಿನ ಮುದುಕಿ ಬ್ಯಾಡಂತ. ಆತಲ್ಲ ನಿನ್ನ ಹಣೇಬಾರ!’ ಎಂದು ತನಗೆ ತಾನೇ ಅಂದುಕೊಂಡಳು. ಬಡಿಗೆಯನ್ನು ಅತ್ತ ಬಿಸಾಡಿದಳು. ಬಿದ್ದ ರೊಟ್ಟಿಗಳನ್ನು ಒಂದೊಂದಾಗಿ ಝಾಡಿಸಿ ಬುಟ್ಟಿಗೆ ತುಂಬಿದಳು, ದನಕ್ಕಾದರೂ ಆದೀತು. ಬಟ್ಟೆ ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟು, ಅದರ ಮೇಲೆ ಬುಟ್ಟಿ, ಬುಟ್ಟಿಯ ಮೇಲೆ ಅರ್ಧ ಉಳಿದ ಮಜ್ಜಿಗೆ ಗಡಿಗೆ ಇಟ್ಟುಕೊಂಡು, ಯಾರನ್ನೂ ಕೇಳದೆ ಊರ ಕಡೆ ನಡೆದಳು. ಕೆಮ್ಮೂ ಇಲ್ಲ, ಗೂನೂ ಇಲ್ಲ, ಸಿಟ್ಟಿನಲ್ಲಿ ಎಲ್ಲ ಮರೆತುಹೋಗಿತ್ತು.

ಹಿಂದಿನಿಂದ ಡೈರೆಕ್ಟರು ಕೂಗಿದ. “ಏಯ್, ಆಕೆನ ನಿಲ್ಲಿಸ್ರೀ! ಅದೇ ನಡಿಗೆ ಬೇಕು ನನಗೆ!”

ಆಮೇಲೆ ನಡೆದದ್ದನ್ನು ಗೌರಕ್ಕ ಊರಿನಲ್ಲಿ ಯಾರಿಗೂ ಹೇಳಲಿಲ್ಲ. ವ್ಯಾನಿನೊಳಗೆ ಕೂರಿಸಿ ಆಕೆಗೆ ಗಿಳಿಹಸಿರು ಸೀರೆ ಉಡಿಸಿದರು. ಬಿಳಿ ಕೂದಲನ್ನು ಒಳಗೆ ಅಡಗಿಸಿ, ಮೊಣಕಾಲಿನವರೆಗೆ ಇಳಿಯುವ ಕರಿ ಜಡೆ ಕಟ್ಟಿ, ಅದಕ್ಕೆ ಅಬ್ಬಲಿಗೆ ಮಾಲೆ ಸಿಗಿಸಿದರು. ಆಕೆಯ ಬೆನ್ನ ಮೇಲೆ ಜಡೆ ಇಳಿದು ಯಾವ ಕಾಲವಾಗಿತ್ತೋ. ನಾಚಿಕೆಯಿಂದ ಗೌರಕ್ಕ ಕಣ್ಣು ಮುಚ್ಚಿಕೊಂಡೇ ಕೂತಿದ್ದಳು.

ಜಡೆ ಕಟ್ಟುತ್ತಿದ್ದವಳು ಆ ನಟಿಯೇ. “ನೋಡಿ ಅಮ್ಮ,” ಎಂದು ನಕ್ಕಳು. “ಮೂವತ್ತಾದ ನನಗೆ ಪೌಡರ್ ಹಾಕಿ ಅಜ್ಜಿ ಮಾಡ್ತಾರೆ, ನಿಮಗೆ ಜಡೆ ಹಾಕಿ ಹುಡುಗಿ ಮಾಡ್ತಾರೆ. ಆಚೆ ಕೂತಿದ್ದಾರಲ್ಲ ಹೀರೋ, ಮೂರು ವರ್ಷದ ಹಿಂದೆ ನಾನು ಅವರಿಗೆ ಹೆಂಡತಿಯಾಗಿದ್ದೆ. ಈಗ ತಾಯಿ.”

“ಇನ್ನಷ್ಟ ದಿನ ಹೋದ್ರ ಅವನ ಅಮ್ಮನೂ ಆಗ್ತೀಯವಾ ತಂಗಿ,” ಎಂದಳು ಗೌರಕ್ಕ. “ನಮ್ಮ ಕಡೆ ಅಮ್ಮ ಅಂದ್ರ ಅಜ್ಜಿ.”

ನಟಿ ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಕೇಳಿದಳು: “ನೀವು ಬರ್ತಾ ಕೆಮ್ಮಿದ್ರಲ್ಲ, ಅದನ್ನ ನನಗೆ ಹೇಳಿಕೊಡಿ. ಆ ಕೋಲೂ ಬೇಕು. ನನಗೆ ಕೊಟ್ಟಿರೋದು ವಾರ್ನಿಶ್ ಹೊಡೆದ ಹೊಸ ಕೋಲು.” ಹೀಗೆ ರೇವವ್ವನ ಕೆಮ್ಮೂ ಬಡಿಗೆಯೂ ಬೆಂಗಳೂರಿನ ಪಾಲಾದವು.

ಶೂಟಿಂಗಿನಲ್ಲಿ ಗೌರಕ್ಕನಿಗೆ ಇದ್ದುದು ಒಂದೇ ಕೆಲಸ, ಬುಟ್ಟಿ ಹೊತ್ತು ದೂರ ನಡೆದು ಹೋಗುವುದು. ಡೈರೆಕ್ಟರು ಹೇಳಿದ್ದು ಒಂದೇ ಮಾತು, ತಿರುಗಬಾರದು. ಆಕೆ ನಡೆದಳು. ನಡೆದು ನಡೆದು, ಇನ್ನೇನು ಮುಗಿಯಿತು ಅನ್ನುವಾಗ ಮುಖವೂ ಸ್ವಲ್ಪ ಬರಲಿ ಎಂದು ತಿರುಗಿ ಹಲ್ಲು ಕಿಸಿದಳು.

“ತಿರುಗಬೇಡಿ ಅಮ್ಮಾ!”

ಮತ್ತೆ ನಡೆದಳು. ಈ ಸಲ ಕಾಲಿಗೆ ಮುಳ್ಳು ಚುಚ್ಚಿದಂತೆ ಮಾಡಿ ತಿರುಗಿದಳು.

“ಅಮ್ಮಾ, ತಿರುಗಬೇಡೀಂದ್ರೆ!”

ಹೊತ್ತು ನೆತ್ತಿಗೆ ಬಂತು. ಡೈರೆಕ್ಟರು ಕೈ ಮುಗಿದ. ಆಗ ಗೌರಕ್ಕನಿಗೆ ಪೂರಾ ತಿಳಿಯಿತು. ಇವರಿಗೆ ಬೇಕಾಗಿರುವುದು ತನ್ನ ಬೆನ್ನು ಮಾತ್ರ. ತನ್ನ ಮುಖ ಬಂದರೆ ಇವರ ಸಿನೆಮಾ ಕೆಡುತ್ತದೆ. ಆದರೂ ಬಿಸಿಲಲ್ಲಿ ನಿಂತ ಇಷ್ಟು ಜನರ ಕೆಲಸ ಕೆಡಿಸಬಾರದೆಂದು, ಈ ಸಲ ನೆಟ್ಟಗೆ ನಡೆದೇ ನಡೆದಳು. ತಿರುಗಲಿಲ್ಲ. ಹಿಂದಿನಿಂದ ಎಲ್ಲರೂ ಚಪ್ಪಾಳೆ ತಟ್ಟಿದರು. ಅದು ಮುಗಿಯಿತು ಎಂಬುದಕ್ಕೆ ಎಂದು ತಿಳಿಯದೆ ಆಕೆ ಇನ್ನೂ ಅಷ್ಟು ದೂರ ಹೋಗಿಬಿಟ್ಟಿದ್ದಳು. ಓಡಿಹೋಗಿ ಕರೆತರಬೇಕಾಯಿತು.

ಗುಡದಪ್ಪ ಬರಿಗೈಯಲ್ಲಿ ಬರುವುದರೊಳಗೆ ಆಕೆ ತನ್ನ ಮಾಸಿದ ಸೀರೆಯಲ್ಲಿ ಚಾ ಕುಡಿಯುತ್ತಿದ್ದಳು.

ಊರಿನವರು ಕೇಳಿದರು. “ಏನ ಪಾರ್ಟ ಮಾಡಿದಿ ಗೌರಕ್ಕಾ?”

“ನೋಡಿದಾಗ ತಿಳೀತೈತಿ ತಗೋರಿ,” ಎಂದಳು. ಯಾರೂ ನೋಡದಿರಲಿ, ಆ ಸಿನೆಮಾ ಬೆಂಗಳೂರಿನಲ್ಲೇ ಉಳಿಯಲಿ ಎಂದು ದಿನಾ ಬೇಡಿಕೊಂಡಳು. ಬಡಿಗೆ ಎಲ್ಲಿ ಎಂದು ರೇವವ್ವ ಕೇಳಿದ್ದಕ್ಕೆ ಸಂತೆಯಿಂದ ಹೊಸದೊಂದು ತಂದುಕೊಟ್ಟಳು. ಅದು ಉದ್ದವಾಯಿತೆಂದು ವರ್ಷವಿಡೀ ಬೈಸಿಕೊಂಡಳು.

ಮರುವರ್ಷ ಮತ್ತೆ ಹತ್ತಿ ಒಡೆಯುವ ಹೊತ್ತಿಗೆ ಒಂದು ಟೂರಿಂಗ್ ಟಾಕೀಸು ಬಂದು ಊರ ಹೊರಗೆ ಡೇರೆ ಹಾಕಿತು. ತರಬಾರದ ಸಿನೆಮಾವನ್ನೇ ತಂದಿತ್ತು. ‘ತಿರ್ಲಾಪುರದಲ್ಲಿ ತೆಗೆದ ಚಿತ್ರ’ ಎಂದು ಮೈಕಿನಲ್ಲಿ ಕೂಗಿದ್ದೇ ತಡ, ಮೊದಲ ಆಟಕ್ಕೆ ಊರಿಗೆ ಊರೇ ಹೊರಟಿತು. ಟಿಕೇಟು ಕೊಳ್ಳುವುದಿಲ್ಲ ಎಂದಿದ್ದ ಶಂಭುಲಿಂಗಪ್ಪನೂ ತಲೆಗೆ ಹೊಸ ಪಟಗಾ ಸುತ್ತಿಕೊಂಡು ಹೊರಟ.

ಡೇರೆಯೊಳಗೆ ನಡುವೆ ಹಗ್ಗ ಕಟ್ಟಿ ಈ ಕಡೆ ಹೆಂಗಸರು, ಆ ಕಡೆ ಗಂಡಸರು. ಗೌರಕ್ಕ ಒಂದು ಬದಿಗೆ ಸೊಸೆಯನ್ನೂ ಇನ್ನೊಂದು ಬದಿಗೆ ರೇವವ್ವನನ್ನೂ ಇಟ್ಟುಕೊಂಡು ಕೂತಳು. ಸಿನೆಮಾ ಶುರುವಾಯಿತು. ಪೌಡರಿನ ತಲೆಯ ನಟಿ ಕೋಲು ಊರಿ ಬಂದಳು. ಪರದೆ ತುಂಬ ಕೋಲೇ ಕಾಣಿಸಿತು.

“ಅಯ್ಯ ಶಿವನ, ನನ್ನ ಬಡಿಗಿ!” ಎಂದು ರೇವವ್ವ ಕೂಗಿಕೊಂಡಳು. ಅಷ್ಟರಲ್ಲಿ ನಟಿ ಕೆಮ್ಮಿದಳು. ಹೆಂಗಸರೆಲ್ಲ ಹೋ ಎಂದು ನಕ್ಕು ರೇವವ್ವನ ಕಡೆ ತಿರುಗಿದರು. “ಥೇಟ ನಿನ್ನಂಗ ಕೆಮ್ಮತಾಳಬೇ!”

“ಅಷ್ಟ ಕೆಮ್ಮಿದ್ರ ದವಾಖಾನಿಗೆ ಹೋಗಬಾರದ? ಮಗ ನೋಡಿದ್ರ ಅವ್ವಗಿಂತ ಹಿರ್ಯಾ ಕಾಣತಾನ, ಅವಂಗರ ಬುದ್ಧಿ ಬ್ಯಾಡ?” ಎಂದಳು ರೇವವ್ವ.

ಬಡಿಗೆಯ ಮುಖ ಬಂತು, ಕೆಮ್ಮಿಗೂ ಹೆಸರು ಬಂತು. ಗೌರಕ್ಕ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಕೂತಳು. “ನೀ ಎಲ್ಲಿದ್ದೀಬೇ?” ಎಂದು ಹಿಂದಿನಿಂದ ಯಾರೋ ತಿವಿದರು.

ಹಾಡು ಶುರುವಾಯಿತು. ಎರೆಹೊಲದ ದಾರಿಯಲ್ಲಿ ಗಿಳಿಹಸಿರು ಸೀರೆಯುಟ್ಟ ಹುಡುಗಿಯೊಬ್ಬಳು ಬುಟ್ಟಿ, ಬುಟ್ಟಿಯ ಮೇಲೆ ಗಡಿಗೆ ಹೊತ್ತು ದೂರ ನಡೆದು ಹೋಗುತ್ತಿದ್ದಳು. ಜಡೆ ಮೆಲ್ಲಗೆ ಆಡುತ್ತಿತ್ತು. ಕೈ ಎತ್ತಿ ಬುಟ್ಟಿ ಹಿಡಿದಿರಲಿಲ್ಲ, ಆದರೂ ಗಡಿಗೆ ಮಿಸುಕುತ್ತಿರಲಿಲ್ಲ. ಚರಣಕ್ಕೊಮ್ಮೆ ಆಕೆ ಮತ್ತೆ ಬರುತ್ತಿದ್ದಳು, ಮತ್ತೆ ಹೋಗುತ್ತಿದ್ದಳು. ಗೌರಕ್ಕ ತನ್ನ ಬೆನ್ನನ್ನು ಮೊದಲ ಸಲ ನೋಡಿದಳು. ಚೆನ್ನಾಗಿತ್ತು. ಇದು ನನ್ನದು ಎಂದು ಹೇಳಿದರೆ, ಮೊಮ್ಮಕ್ಕಳಿರುವ ಮುದುಕಿ ಜಡೆ ಬಿಟ್ಟು ಅಬ್ಬಲಿಗೆ ಮುಡಿದಳೆಂದು ಊರು ವರ್ಷಗಟ್ಟಲೆ ನಗುತ್ತದೆ. ಹೇಳದಿದ್ದರೆ ಅದು ಯಾರದೂ ಅಲ್ಲದ ಬೆನ್ನಾಗಿ ಹೋಗುತ್ತದೆ.

ಆಗ ಹಗ್ಗದ ಆಚೆಯಿಂದ ದೊಡ್ಡ ದನಿಯೊಂದು ಕೇಳಿಸಿತು. ಡೇರೆಗೆಲ್ಲ ಕೇಳುವಂತೆ ಶಂಭುಲಿಂಗಪ್ಪ ಹೇಳುತ್ತಿದ್ದ:

“ಲೇ ಗುಡದಪ್ಪಾ, ನೋಡಲೇ ಆ ಹುಡಿಗಿನ್ನ! ನಡಿಗಿ ಅಂದ್ರ ಅದು ನೋಡು. ಗಡಿಗ್ಯಾಂದು ಒಂದ ಹನಿ ತುಳಕವಲ್ದು! ಇಂಥಾ ಹೆಣ್ಣು ನಮ್ಮೂರಾಗ ಹುಡಕಿದ್ರ ಒಂದ ಸಿಗ್ತೈತೇನ?”

ಗೌರಕ್ಕನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕೊನೆಗೂ ಗಂಡ ತನ್ನನ್ನು ನೋಡುತ್ತಿದ್ದ, ಬೇರೆ ಯಾವಳೋ ಎಂದುಕೊಂಡು ನೋಡುತ್ತಿದ್ದ. ಆ ಹಸಿರು ಸೀರೆಯವಳ ಮೇಲೆ ಆಕೆಗೆ ಹೊಟ್ಟೆಕಿಚ್ಚು ಬಂತು. ತನ್ನ ಬೆನ್ನಿನ ಮೇಲೆ ತಾನೇ ಹೊಟ್ಟೆಕಿಚ್ಚುಪಡುವ ಹೆಂಗಸು ಈ ಭೂಮಿಯ ಮೇಲೆ ಇನ್ನೊಬ್ಬಳಿರಲಿಕ್ಕಿಲ್ಲ ಎಂದು ಕತ್ತಲೆಯಲ್ಲೇ ಹಣೆ ಚಚ್ಚಿಕೊಂಡಳು.

ಪಕ್ಕದಲ್ಲಿ ಸಾವಂತ್ರೆವ್ವ ಎದ್ದು ನಿಂತಳು. ಮಾವನೆದುರು ಸೆರಗು ಜಾರಿಸದವಳು, ಬೇಕಾದ್ದನ್ನು ಬಾಗಿಲ ಮರೆಯಿಂದ ಹೇಳಿ ಕಳಿಸುವವಳು, ಹಗ್ಗದ ಮೇಲಿಂದ ಗಟ್ಟಿಯಾಗಿ ಕೂಗಿದಳು:

“ಮಾವಾರ! ಅಕಿ ಹುಡಿಗಿ ಅಲ್ರಿ! ನಮ್ಮತ್ತಿ ಅದಾರ್ರಿ!”

ಡೇರೆಯೊಳಗಿನ ತಲೆಗಳೆಲ್ಲ ಹೆಂಗಸರ ಕಡೆ ತಿರುಗಿದವು. ಹಾಡು ಮಾತ್ರ ತನ್ನ ಪಾಡಿಗೆ ಓಡುತ್ತಿತ್ತು. ಆಮೇಲೆ ನಗು ಎದ್ದಿತು. ಯಾರೋ ಸಿಳ್ಳೆ ಹೊಡೆದರು. ರೇವವ್ವ “ಏನಂದ್ಲು, ಏನಂದ್ಲು?” ಎಂದು ಎಲ್ಲರನ್ನೂ ಕೇಳತೊಡಗಿದಳು. ಹಗ್ಗದ ಆಚೆ ಶಂಭುಲಿಂಗಪ್ಪ ಹೊಸ ಪಟಗಾ ಬಿಚ್ಚಿ ಮತ್ತೆ ಸುತ್ತಿಕೊಳ್ಳತೊಡಗಿದ.

ಗೌರಕ್ಕ ಸೊಸೆಯ ಸೀರೆ ಹಿಡಿದು ಕೆಳಗೆ ಎಳೆದಳು. “ಮಾನಾ ಕಳದೆಲ್ಲೇ! ನಿನಗ ಯಾರ ಹೇಳಿದ್ರು? ಮಾರಿ ಸೈತ ಕಾಣವಲ್ದು.”

“ಮಾರಿ ಯಾಕ ಬೇಕ್ರಿ? ಲಗ್ನಾಗಿ ಬಂದಾಗಿಂದ ಆ ಬೆನ್ನ ನೋಡಕೋತ ಹೊಲಕ್ಕ ಹೋಗೇನಿ. ಜಡಿ ಇಳಿಬಿಟ್ರ ಗುರ್ತ ಸಿಗೂದಿಲ್ಲೇನ್ರಿ?” ಎಂದಳು ಸಾವಂತ್ರೆವ್ವ. ಆಮೇಲೆ ತನ್ನ ದನಿ ಎಷ್ಟು ದೊಡ್ಡದಾಗಿತ್ತೆಂದು ನೆನಪಾಗಿ ಬಾಯಿಗೆ ಸೆರಗು ಒತ್ತಿಕೊಂಡಳು. ಗೌರಕ್ಕ ಕತ್ತಲೆಯಲ್ಲಿ ಆಕೆಯ ಕೈ ಹುಡುಕಿ ಹಿಡಿದುಕೊಂಡಳು. ಸೊಸೆಯ ಕೂಡ ಎಷ್ಟೋ ಜಗಳ ತೆಗೆದಿದ್ದಳು. ಈಗ ಒಂದೂ ನೆನಪಿಗೆ ಬರಲಿಲ್ಲ.

ಮನೆಗೆ ಬಂದ ಮೇಲೆ ಶಂಭುಲಿಂಗಪ್ಪ ಉಂಡ, ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಎಂದ, ಮಲಗಿದ. ‘ಮುಗೀತು, ಇಷ್ಟ ಐತಿ ನಿನ್ನ ಸಿನೆಮಾ’ ಎಂದು ಗೌರಕ್ಕ ಗಂಗಾಳ ತೊಳೆದಿಟ್ಟಳು.

ಮರುದಿನ ಬೆಳಿಗ್ಗೆ ಹೊಲಕ್ಕೆ ಹೊರಟರು. ಎಂದಿನಂತೆ ಅವನು ಮುಂದೆ, ಬುಟ್ಟಿ, ಗಡಿಗೆ ಹೊತ್ತ ಗೌರಕ್ಕ ಹಿಂದೆ, ಆಕೆಯ ಹಿಂದೆ ಸಾವಂತ್ರೆವ್ವ. ಅಗಸಿ ದಾಟಿದ ಮೇಲೆ ಶಂಭುಲಿಂಗಪ್ಪ ನಿಂತ. ಬಗ್ಗಿ ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಂಡ. ಅದು ಸರಿಯಾಗಿಯೇ ಇತ್ತು.

“ನೀ ಮುಂದ ನಡಿ,” ಎಂದ.

“ನಾನ? ಯಾಕ್ರಿ?”

“ನಡಿ ಅಂದ್ರ ನಡೀಬೇಕು.”

ಗೌರಕ್ಕ ಮುಂದೆ ನಡೆದಳು. ಎದುರಿಗೆ ಬೆನ್ನಿಲ್ಲದ ದಾರಿ ಮೊದಲ ಸಲ ಕಾಣಿಸಿತು, ಎರಡೂ ಕಡೆ ಹತ್ತಿ ಒಡೆದ ಹೊಲ. ಹಿಂದೆ ಗಂಡನ ಚಪ್ಪಲಿಯ ಸದ್ದು ಬರುತ್ತಿತ್ತು. ಅವನು ನೋಡುತ್ತಿದ್ದಾನೆಂದು ಗೊತ್ತಾದ ಕೂಡಲೇ ಆಕೆಗೆ ನಡೆಯುವುದೇ ಮರೆತುಹೋಯಿತು. ಯಾವ ಕಾಲು ಮೊದಲು ಇಡುವುದು, ಕೈ ಎಲ್ಲಿ ಇಟ್ಟುಕೊಳ್ಳುವುದು, ಸೊಂಟ ಆಡಬೇಕೋ ಬಾರದೋ ಒಂದೂ ತಿಳಿಯದೆ ಕಾಲಿಗೆ ಕಾಲು ತೊಡರಿತು. ಅದರ ಮೇಲೆ ರೇವವ್ವನ ಕೆಮ್ಮು ಬೇರೆ ಕರೆಯದೆ ಬಂತು. ಗಡಿಗೆ ವಾಲಿ ಮಜ್ಜಿಗೆ ಹಣೆಯ ಮೇಲಿಂದ ಮುಖದ ತುಂಬ ಇಳಿಯಿತು.

“ಯಾಕ, ಸಿನೆಮಾದಾಗ ಒಂದ ಹನಿ ತುಳಕಿದ್ದಿಲ್ಲಲ್ಲ?” ಎಂದ ಶಂಭುಲಿಂಗಪ್ಪ.

“ಅಲ್ಲೆ ನೀವು ಹಿಂದ ಇದ್ದಿದ್ದಿಲ್ಲಲ್ರಿ!”

ಸಿಟ್ಟಿನಿಂದ ಹಾಗೆಂದು ಗೌರಕ್ಕ ತಿರುಗಿಯೇ ಬಿಟ್ಟಳು. ಈ ಸಲ ಯಾರೂ ಬೇಡವೆಂದು ಕೂಗಲಿಲ್ಲ. ವಿಭೂತಿ, ಕುಂಕುಮ, ಮಜ್ಜಿಗೆ ಎಲ್ಲ ಕಲಸಿಹೋದ ಆ ಮುಖವನ್ನು ಶಂಭುಲಿಂಗಪ್ಪ ನಿಂತು ನೋಡಿದ. ಹಿಂದೆ ಸಾವಂತ್ರೆವ್ವ ಹೊಲದ ಕಡೆ ಮುಖ ತಿರುಗಿಸಿಕೊಂಡು ಹತ್ತಿ ಎಣಿಸುವವಳಂತೆ ನಿಂತಿದ್ದಳು.

“ಮಾರಿ ಒರಸ್ಕೋ,” ಎಂದು ತನ್ನ ಹೆಗಲ ಮೇಲಿನ ಟಾವೆಲ್ಲು ಚಾಚಿದ. ಗೌರಕ್ಕ ಇಸಿದುಕೊಂಡಳು. ಆದರೆ ಅವನು ಇನ್ನೂ ನೋಡುತ್ತಿದ್ದ, ಆದ್ದರಿಂದ ಒರೆಸಿಕೊಳ್ಳಲು ಅವಸರ ಮಾಡಲಿಲ್ಲ.